ಊರಿಗೆ ಬಂದವಳು ನೀರಿಗೆ ಬರಲಿಲ್ಲ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ ಕಟ್ಟಿದ ಪುಣ್ಯಾತ್ಮನನ್ನು ಒಮ್ಮೆ ನಮ್ಮ ಬೀದಿಗೆ ಕರೆತಂದು ಲೂಮಕ್ಕನ ಮುಂದೆ ನಿಲ್ಲಿಸಬೇಕಿತ್ತು. ಹನ್ನೊಂದು ವರ್ಷ! ಹನ್ನೊಂದು ವರ್ಷ ಈ ಹೆಂಗಸು ನಮ್ಮ ಊರಿನಲ್ಲಿದ್ದು, ನನ್ನ ಪಕ್ಕದ ಮನೆಯಲ್ಲೇ ಇದ್ದು, ಒಂದು ದಿನವಾದರೂ ಒಂದು ತಂಬಿಗೆ ನೀರನ್ನು ತಾನಾಗಿ ಹಿಡಿದವಳಲ್ಲ. ಹಿಡಿದುಕೊಟ್ಟವಳು ನಾನು. ದಿನಕ್ಕೆ ಎರಡು ಕೊಡ, ಹಬ್ಬಕ್ಕೆ ಮೂರು. ಹಾಗಂತ ಅವಳು ಸೋಮಾರಿಯಲ್ಲ, ಕೈಲಾಗದವಳಲ್ಲ. ಹಟ. ಅಷ್ಟೇ, ಹಟ.

ನಮ್ಮ ಊರಿನ ನಲ್ಲಿಗಳು ಸುದ್ದಿಗೆ ನೀರು ಕೊಡುತ್ತವೆ. ನಲ್ಲಿಯ ತಿರುಪು ತಿರುಗಿಸಿ, ಬಗ್ಗಿ, ಅದರ ಬಾಯಿಗೆ ನಿಮ್ಮ ಬಾಯಿ ಒಡ್ಡಿ ಊರಿನದೊಂದು ಸುದ್ದಿ ಹೇಳಬೇಕು. ಊರಿನ ಮಾತಿನಲ್ಲೇ ಹೇಳಬೇಕು, ನಿಜ ಇರಬೇಕು, ಇನ್ನೊಬ್ಬರು ಆಗಲೇ ಹೇಳಿರಬಾರದು. ಎಮ್ಮೆ ಕರು ಹಾಕಿದ್ದಕ್ಕೆ ಒಂದು ಬಿಂದಿಗೆ ಬರುತ್ತದೆ. ಮದುವೆ ಗೊತ್ತಾದದ್ದಕ್ಕೆ ನಾಲ್ಕು ಕೊಡ. ಅತ್ತೆ ಸೊಸೆ ಬೇರೆ ಒಲೆ ಹೂಡಿದರೆ ಹಂಡೆಯೇ ತುಂಬುತ್ತದೆ. ಹಳಸಿದ ಸುದ್ದಿಗೆ ನಲ್ಲಿ ಬುಸ್ ಎನ್ನುತ್ತದೆ, ಸುಳ್ಳಿಗೆ ಅದೂ ಇಲ್ಲ. ಹೀಗಾಗಿ ನಮ್ಮಲ್ಲಿ ಎಲ್ಲರೂ ಕೋಳಿಗಿಂತ ಮುಂಚೆ ಏಳುತ್ತಾರೆ, ಕಿಟಕಿಗೆಲ್ಲ ದಪ್ಪ ಪರದೆ ಹಾಕುತ್ತಾರೆ, ಗಂಡ ಹೆಂಡತಿ ಜಗಳವಾಡಿದರೆ ಬೆಳಗ್ಗೆ ಮೊದಲು ಎದ್ದವರು ಆ ಜಗಳದಿಂದಲೇ ಸ್ನಾನ ಮಾಡುತ್ತಾರೆ. ಹೊರಗಿನವರು ಕೇಳಿ ನಗುತ್ತಾರೆ. ನಗಲಿ. ಅವರಿಗೂ ಬಾಯಾರುತ್ತದೆ.

ಲೂಮಾ ಹೊಳೆಯಾಚೆಯವಳು. ಒಂದು ಗಂಟು ಹೊತ್ತುಕೊಂಡು ದೋಣಿಯಿಂದ ಇಳಿದಳು. ಅಲ್ಲಿ ಅವಳವರು ಎನ್ನುವವರು ಯಾರೂ ಉಳಿದಿರಲಿಲ್ಲ; ಏಕೆ ಎಂದು ನಾನು ಕೇಳಿದ್ದೇನೆ, ಅವಳು ಹೇಳಿಲ್ಲ. ನಮ್ಮ ಬಾಯಲ್ಲಿ ಅವಳು ಲೂಮಕ್ಕ ಆದಳು. ಎಳೆಗೂಸಿಗೆ, ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವಳ ಕಸುಬು. ಕಾಲು ನೀಡಿ ಕೂತು ಕೂಸನ್ನು ಬೋರಲು ಹಾಕಿಕೊಂಡು ಅವಳು ಬೆನ್ನ ಮೇಲೆ ಕೈಯಾಡಿಸಿದರೆ ಎಂಥ ರಚ್ಚೆಯ ಕೂಸೂ ಸುಮ್ಮನಾಗುತ್ತದೆ. ಈಗ ಬೀದಿಯಲ್ಲಿ ಗೋಲಿ ಆಡುವ ಮಕ್ಕಳೆಲ್ಲ ಅವಳ ಕಾಲ ಮೇಲೆ ಮಿಂದು ಎದ್ದವರೇ. ಅಂದಮೇಲೆ ಪ್ರತಿ ಮನೆಯ ಬಚ್ಚಲೂ ಅವಳಿಗೆ ಗೊತ್ತು. ಬಾಣಂತಿ ಬಿಸಿನೀರಿಗೆ ಕೂತಳು ಎಂದರೆ ತವರಿನ ದುಃಖ, ಗಂಡನ ಗುಟ್ಟು, ಅತ್ತೆಯ ಕಾಟ ಎಲ್ಲ ಹೊರಗೆ ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಸುದ್ದಿಗಳಿಂದ ಒಂದು ಕೆರೆ ತುಂಬಿಸುತ್ತಿದ್ದರು. ಇವಳು ತುಟಿ ಬಿಚ್ಚುವುದಿಲ್ಲ.

“ನಮ್ಮ ಕಡೆ ಕೂಸು ಎರೆಯೋಳು ಮೊದಲ ದಿನ ಬಾಯಲ್ಲಿ ಎಣ್ಣೆ ಹಿಡ್ಕೊಂಡು ಎರೀಬೇಕು ಟೀಚರ್,” ಎಂದಿದ್ದಳು ಒಮ್ಮೆ. “ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ. ಬಚ್ಚಲ ಮಾತು ಬಚ್ಚಲಲ್ಲೇ ಇರ್ಬೇಕು ಅಂತ.” ಎಣ್ಣೆಯಂತೆ! ಹನ್ನೊಂದು ವರ್ಷದಿಂದ ಆ ಎಣ್ಣೆಯನ್ನು ಅವಳು ಉಗುಳಿಯೇ ಇಲ್ಲ ಎಂದು ನನಗೆ ಅನುಮಾನ. ಅವಳ ಎರಡು ಕೊಡಕ್ಕಾಗಿ ನಾನು ಎಷ್ಟು ಮನೆಯ ಮಾತನ್ನು ಬಾಯಿಬಿಟ್ಟಿದ್ದೇನೆ ಎಂದು ಯಾರಾದರೂ ಕೇಳುತ್ತಾರೆಯೇ? ಕೇಳುವುದಿಲ್ಲ.

ನಾನು ಅಂಬುಜಾಕ್ಷಿ. ಮೂವತ್ತೆರಡು ವರ್ಷ ಈ ಊರಿನ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವಳು. ‘ಟೀಚರಿಗೆ ಅರವತ್ತೆಂಟು ಅಂದ್ರೆ ಯಾರು ನಂಬ್ತಾರೆ, ಹಲ್ಲು ನೋಡಿ, ಕೂದಲು ನೋಡಿ’ ಎಂದು ಜನ ಹೇಳಿಕೊಳ್ಳುತ್ತಾರೆ. ನಾನು ಬೇಡ ಎಂದಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಸಾಯುವವರೆಗೆ ಎರಡು ಕೊಡ ಹಿಡಿದು ಕೊಡುತ್ತಿದ್ದೆನೇನೋ. ಆದರೆ ನಮ್ಮ ಪುರಸಭೆಗೆ ಮಾಡಲು ಬೇರೆ ಕೆಲಸವಿಲ್ಲ. ಹತ್ತು ವರ್ಷ ದಾಟಿದ ಹೊರಗಿನವರೆಲ್ಲ ಪರೀಕ್ಷೆ ಬರೆದು ಪೌರಪತ್ರ ತೆಗೆದುಕೊಳ್ಳಬೇಕು ಎಂದು ಠರಾವು ಮಾಡಿದರು. ಮೂರು ಸಲ ಕೂರಬಹುದು. ಮೂರನೆಯದೂ ಹೋಯಿತೋ, ಒಂದು ವಾರದಲ್ಲಿ ದೋಣಿ ಹತ್ತಬೇಕು. ಊರಿನ ಭಾಷೆ ಓದಿ ತೋರಿಸುವುದು ಒಂದು, ಪೌರ ಕೈಪಿಡಿಯ ನೂರಿಪ್ಪತ್ತು ಪ್ರಶ್ನೆಗೆ ಉತ್ತರ ಹೇಳುವುದು ಎರಡು, ಪುರಸಭೆಯ ಅಂಗಳದ ಹಿತ್ತಾಳೆ ನಲ್ಲಿಯಿಂದ ಒಂದು ಊದುಬತ್ತಿ ಉರಿದು ಮುಗಿಯುವುದರೊಳಗೆ ಒಂದು ಕೊಡ ತುಂಬಿಸುವುದು ಮೂರು. ಪಾಠ ಹೇಳಿಕೊಡುವ ಹೊಣೆ ನನ್ನ ತಲೆಗೆ ಬಂತು. ಇನ್ಯಾರ ತಲೆಗೆ ಬರುತ್ತದೆ?

ಆ ಕೈಪಿಡಿ ಬರೆದವನ ಕೈಗೆ ಹುಳ ಬೀಳ. ಊರಿನ ಮೊದಲ ಅಧ್ಯಕ್ಷರ ಕುದುರೆಯ ಬಣ್ಣ ಯಾವುದು? ಕಂದು. ಎರಡನೆಯ ಅಧ್ಯಕ್ಷರಿಗೆ ಕುದುರೆ ಏಕೆ ಇರಲಿಲ್ಲ? ಭಯವಿತ್ತು. ಪುರಸಭೆಯ ಮೆಟ್ಟಿಲೆಷ್ಟು? ಒಂಬತ್ತು. ನಾನು ಹೋಗಿ ಎಣಿಸಿದೆ, ಎಂಟಿವೆ. ಗುಮಾಸ್ತ ವಾಮನಮೂರ್ತಿ ನನ್ನ ಶಿಷ್ಯನೇ, ಹನ್ನೆರಡರ ಮಗ್ಗಿ ಬಾರದೆ ಬೆಂಚಿನ ಮೇಲೆ ನಿಂತವನು. “ಎಂಟೇ ಇದೆಯಲ್ಲೋ,” ಎಂದರೆ, “ಒಂದು ಮುರಿದುಹೋಯ್ತು ಟೀಚರ್. ಆದ್ರೆ ಪುಸ್ತಕದಲ್ಲಿ ಒಂಬತ್ತಿದೆ,” ಎಂದ. ಲೂಮಕ್ಕ ಅದನ್ನೆಲ್ಲ ಬಾಯಿಪಾಠ ಮಾಡಿದಳು. ಮುರಿದ ಮೆಟ್ಟಿಲನ್ನೂ ಸೇರಿಸಿ ಮಾಡಿದಳು. ನಮ್ಮ ಊರಿನಲ್ಲೇ ಹುಟ್ಟಿದವರಲ್ಲಿ ಆ ನೂರಿಪ್ಪತ್ತಕ್ಕೆ ಉತ್ತರ ಗೊತ್ತಿರುವವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ.

ಮೊದಲ ಸಲ ಓದಿನಲ್ಲಿ ಪೂರ್ತಿ ಅಂಕ, ಕೈಪಿಡಿಯಲ್ಲಿ ಪೂರ್ತಿ ಅಂಕ. ನಲ್ಲಿಯ ಮುಂದೆ ನಿಂತು ಅದೇ ಕೈಪಿಡಿಯನ್ನು ಒಪ್ಪಿಸತೊಡಗಿದಳು. ಕಂದು ಕುದುರೆ ಎಂದಳು, ಒಂಬತ್ತು ಮೆಟ್ಟಿಲು ಎಂದಳು. ನಲ್ಲಿ ಬುಸ್ ಎಂದಿತು, ಬುಸ್ ಎಂದಿತು, ಒಂಬತ್ತು ಮೆಟ್ಟಿಲಿಗೆ ಅದೂ ಇಲ್ಲ. ಕೊಡ ಒಣಗಿದ್ದು ಒಣಗಿದ ಹಾಗೇ ಇತ್ತು. ಎರಡನೆಯ ಸಲ ನಾನೇ ಹೇಳಿಕೊಟ್ಟೆ: “ಬೇರೆಯವರದ್ದು ಬೇಡ ಅಂದ್ರೆ ನಿನ್ನದೇ ಏನಾದ್ರೂ ಹೇಳು.” ಅವಳು ಬಗ್ಗಿ, ಮೂರು ದಿನದಿಂದ ತನಗೆ ಜ್ವರ ಎಂದು ಹೇಳಿದಳು. ನಿಜವೇ, ಜ್ವರದಿಂದ ನಡುಗುತ್ತಲೇ ನಿಂತಿದ್ದಳು. ಒಂದು ಹನಿ ಬಿತ್ತು. ಹೊರಗಿನವಳ ಮನೆಯ ಸುದ್ದಿ ಊರಿನ ಸುದ್ದಿ ಅಲ್ಲ ಎಂದು ವಾಮನಮೂರ್ತಿ ಷರಾ ಬರೆದ.

ಉಳಿದದ್ದು ಒಂದೇ ಸಲ. ಹಿಂದಿನ ದಿನ ಮಧ್ಯಾಹ್ನ ಅವಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಕೈ ಮುಗಿಯುವುದೊಂದು ಬಾಕಿ, ಎಲ್ಲ ಮಾಡಿದೆ. “ಆ ವಾಮನನ ಹೆಂಡತಿ ಬಾಣಂತನದಲ್ಲಿ ನಿನ್ನ ಮುಂದೆ ಗೋಳೋ ಅಂತ ಅತ್ತದ್ದು ಬೀದಿಗೇ ಕೇಳಿಸ್ತಲ್ಲ, ಯಾಕೆ ಅತ್ತಳು ಅಂತ ಹೇಳೇ. ಅವನೇ ಅಲ್ಲಿ ನಿಂತಿರ್ತಾನೆ, ಮುಖ ನೋಡ್ಬಹುದು.” “ಆಗಲ್ಲ ಟೀಚರ್.” “ಸರಿ, ಯಾರದ್ದಾದ್ರೂ ಸತ್ತೋರದ್ದು ಹೇಳು. ಅವರೇನು ಕೇಳ್ತಾರಾ?” “ಅವರ ಮಕ್ಕಳಿದ್ದಾರಲ್ಲ.” ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ನನಗೇ ಗೊತ್ತಿಲ್ಲದೆ ಆ ಮಾತು ಬಾಯಿಂದ ಬಂತು. ಎರಡು ವರ್ಷದ ಹಿಂದೆ ಕೀಲುನೋವಿನ ಜ್ವರದಲ್ಲಿ ನಾನು ಮಲಗಿದಾಗ ನನ್ನ ಮೈಗೆ ಎಣ್ಣೆ ತಿಕ್ಕಿದವಳು ಲೂಮಕ್ಕ. ತಲೆದಿಂಬಿನ ಪಕ್ಕ ಲೋಟದ ನೀರಿನಲ್ಲಿ ಮುಳುಗಿದ್ದ ನನ್ನ ಹಲ್ಲಿನ ಸೆಟ್ಟನ್ನು ನೋಡಿದವಳು ಇಡೀ ಊರಿನಲ್ಲಿ ಅವಳೊಬ್ಬಳೇ.

“ನನ್ನ ಹಲ್ಲಿನ ವಿಷಯ ಹೇಳಿಬಿಡು,” ಎಂದೆ. “ಒಂದು ಕೊಡ ಬಂದೇ ಬರುತ್ತೆ. ಎರಡೇ ಬರಬಹುದು.” “ಅದು ನಿಮ್ಮ ಮಾತು ಟೀಚರ್. ನಾನು ಹೆಂಗೆ ಹೇಳ್ಲಿ?” “ನಾನೇ ಹೇಳು ಅಂತಿದ್ದೀನಲ್ಲೇ!” “ಈಗ ಅಂತೀರಿ. ಆಮೇಲೆ ಕನ್ನಡಿ ಮುಂದೆ ನಿಂತು ಅಳ್ತೀರಿ.” ನಾನು ಹಣೆ ಹಣೆ ಚಚ್ಚಿಕೊಂಡೆ. “ಹಾಗಾದ್ರೆ ಏನು ಮಾಡ್ತೀಯೇ? ಅಲ್ಲಿ ನಿನಗೆ ಯಾರಿದ್ದಾರೆ? ಹೊಳೆ ದಾಟಿ ಯಾರ ಮನೆ ಬಾಗಿಲು ತಟ್ಟುತ್ತೀ?” ಅವಳು ಎದ್ದಳು. ನೀರುಗಂಟಿ ಹೊನ್ನಪ್ಪನ ಮಗಳಿಗೆ ದಿನ ತುಂಬಿದೆ, ಬೆನ್ನು ನೋವಂತೆ, ಎಣ್ಣೆ ತಿಕ್ಕಿ ಬರಬೇಕು ಎಂದು ಹೊರಟುಹೋದಳು. ನಲ್ಲಿಯ ಪರೀಕ್ಷೆಗೆ ಊದುಬತ್ತಿ ಹಚ್ಚಿ, ಕೊಡ ತುಂಬಿತೋ ಇಲ್ಲವೋ ಎಂದು ಹೇಳುವವನ ಮಗಳು! ಅಲ್ಲಿಯಾದರೂ ಒಂದು ಮಾತು ಕೇಳಿಕೊಳ್ಳಬಾರದೇ? ಇಲ್ಲ. ಕೇಳಲಿಲ್ಲ.

ಮರುದಿನ ಪುರಸಭೆಯ ಅಂಗಳದಲ್ಲಿ ಜಾತ್ರೆಯ ಹಾಗೆ ಜನ ಸೇರಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡ ತಾಯಂದಿರೇ ಹೆಚ್ಚು. ಹುಣಸೆಹಣ್ಣು ಹಾಕಿ ತಿಕ್ಕಿದ ನಲ್ಲಿ ಫಳಫಳ ಹೊಳೆಯುತ್ತಿತ್ತು. ಹೊನ್ನಪ್ಪ ಊದುಬತ್ತಿ ಹಚ್ಚಿದ. ಅವನ ಮಗಳು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಲೂಮಕ್ಕ ಕೊಡ ಇಟ್ಟು, ನಲ್ಲಿ ತಿರುಗಿಸಿ, ಸುಮ್ಮನೆ ನಿಂತಳು. ಊದುಬತ್ತಿ ಕಾಲುಭಾಗ ಹೋಯಿತು. ಅರ್ಧ ಹೋಯಿತು. ಹೇಳೇ, ಹೇಳೇ ಎಂದು ನಾನು ಹಲ್ಲು ಕಚ್ಚಿದೆ. ಸೆಟ್ಟು ಎಲ್ಲಿ ಜಾರುತ್ತದೋ ಎಂದು ಮತ್ತೆ ಬಿಟ್ಟೆ. ಬೂದಿ ಮುಕ್ಕಾಲಿಗೆ ಬಂದಾಗ ಅವಳು ಬಗ್ಗಿದಳು. “ನಾಳೆ ಬೆಳಗಿನ ದೋಣಿಗೆ ಲೂಮಾ ಈ ಊರು ಬಿಟ್ಟು ಹೋಗ್ತಾಳೆ,” ಎಂದಳು. “ಗಂಟು ಕಟ್ಟಿ ಆಗಿದೆ.”

ನಲ್ಲಿ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಬಂತು ನೋಡಿ ನೀರು! ಕೊಡ ತುಂಬಿತು, ಉಕ್ಕಿತು, ಉರುಳಿತು. ಮದುವೆಗೆ ನಾಲ್ಕು ಕೊಡ ಕೊಡುವ ನಲ್ಲಿ ಅಂಗಳವನ್ನೇ ತುಂಬಿಸಿತು. ವಾಮನಮೂರ್ತಿಯ ಕಡತ ತೇಲಿಹೋಯಿತು. ಹೊನ್ನಪ್ಪ ಎರಡು ಕೈಯಲ್ಲಿ ತಿರುಪು ಹಿಡಿದು ಜೋತುಬಿದ್ದರೂ ನಿಲ್ಲಲಿಲ್ಲ. ಅವನ ಮಗಳು, “ಅಪ್ಪಾ, ನನ್ನ ಕೂಸನ್ನ ಯಾರು ಎರೀತಾರಪ್ಪಾ?” ಎಂದು ಅಳತೊಡಗಿದಳು. ಹನ್ನೊಂದು ವರ್ಷ ಅವಳು ಇಲ್ಲಿ ಇದ್ದದ್ದು ಸುದ್ದಿಯಾಗಲಿಲ್ಲ, ಜ್ವರ ಬಂದದ್ದು ಸುದ್ದಿಯಾಗಲಿಲ್ಲ, ಹೋಗುತ್ತೇನೆ ಎಂದದ್ದು ಸುದ್ದಿಯಾಯಿತು. ನನಗೆ ನಲ್ಲಿಯ ಮೇಲೂ ಸಿಟ್ಟು ಬಂತು, ಊರಿನ ಮೇಲೂ ಬಂತು.

“ತುಂಬೈತೆ! ಪಾಸು!” ಎಂದು ಹೊನ್ನಪ್ಪ ಕೂಗಿದ. “ಸ್ವಲ್ಪ ತಡೀರಿ,” ಎಂದ ವಾಮನಮೂರ್ತಿ, ಪಂಚೆ ಹಿಂಡಿಕೊಳ್ಳುತ್ತ. “ಪಾಸಾದ್ರೆ ಇವರು ಊರಲ್ಲೇ ಇರಬಹುದು. ಇದ್ರೆ, ಹೋಗ್ತೀನಿ ಅಂದಿದ್ದು ಸುಳ್ಳಾಯ್ತು. ಸುಳ್ಳು ಸುದ್ದಿಗೆ ಬಂದ ನೀರು ಲೆಕ್ಕಕ್ಕಿಲ್ಲ, ಅಂದ್ರೆ ಫೇಲು. ಫೇಲಾದ್ರೆ ಹೋಗಬೇಕು. ಹೋದ್ರೆ ಸುದ್ದಿ ನಿಜ, ಆಗ ಪಾಸು.” ಅವನು ಬೆರಳು ಮಡಿಸಿ ಮಡಿಸಿ ಇನ್ನೊಮ್ಮೆ ಹೇಳಿಕೊಂಡ. ನನ್ನ ಮೈಯೆಲ್ಲ ಉರಿದುಹೋಯಿತು. “ಅಂದ್ರೆ ಊರಲ್ಲಿಲ್ಲದಿದ್ರೆ ಊರವಳು, ಊರಲ್ಲಿದ್ರೆ ಊರವಳಲ್ಲ. ಅಲ್ವೇನೋ ಮುಠ್ಠಾಳ?” “ರೂಲು ಹಂಗೇ ಬರುತ್ತೆ ಟೀಚರ್, ನಾನೇನು ಮಾಡ್ಲಿ?” ಎಂದ, ಅಳುವವನ ಹಾಗೆ.

ಹೊನ್ನಪ್ಪ ಓದಿದವನಲ್ಲ. ಅದೇ ಪುಣ್ಯ. “ಬೆಳಗಿನ ದೋಣಿಗೆ ಹೋಗ್ಲಿ. ಸುದ್ದಿ ನಿಜ ಆಯ್ತು. ಸಂಜೆ ದೋಣಿಗೆ ಬರ್ಲಿ. ಬರಬಾರ್ದು ಅಂತ ನಿನ್ನ ಯಾವ ಪುಸ್ತಕದಲ್ಲೈತೆ?” ಎಂದ. ವಾಮನಮೂರ್ತಿ ಒದ್ದೆ ಕೈಪಿಡಿಯನ್ನು ಮೂರು ಸಲ ತಿರುವಿಹಾಕಿದ. ಕುದುರೆ ಸಿಕ್ಕಿತು, ಮೆಟ್ಟಿಲು ಸಿಕ್ಕಿತು, ಅದು ಸಿಗಲಿಲ್ಲ. ತಾನೇ ಜೊತೆಗೆ ದೋಣಿಯಲ್ಲಿ ಹೋಗಿ, ಅವಳು ಆಚೆ ದಡಕ್ಕೆ ಕಾಲಿಟ್ಟದ್ದನ್ನು ಕಣ್ಣಾರೆ ನೋಡಿ, ಪೌರಪತ್ರಕ್ಕೆ ಅಲ್ಲೇ ಠಸ್ಸೆ ಒತ್ತುವುದಾಗಿ ಒಪ್ಪಿಕೊಂಡ. ಜನ ಚಪ್ಪಾಳೆ ತಟ್ಟಿದರು. ಲೂಮಕ್ಕ ಮಾತ್ರ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ನನಗೆ ಅದೇ ಚುಚ್ಚುತ್ತಿತ್ತು. ನಲ್ಲಿ ಸುಳ್ಳಿಗೆ ನೀರು ಕೊಡುವುದಿಲ್ಲ. ಅಂದರೆ ಇವಳು ನಿಜವಾಗಿಯೂ ಹೊರಟಿದ್ದಳು, ಗಂಟು ನಿಜವಾಗಿಯೂ ಕಟ್ಟಿತ್ತು. ಮನೆಗೆ ಬರುವ ದಾರಿಯಲ್ಲಿ ತಡೆದು ಕೇಳಿದೆ. “ಹನ್ನೊಂದು ವರ್ಷ ನಿನಗೆ ನೀರು ಹಿಡಿದುಕೊಟ್ಟೋಳು ನಾನು. ಹೊರಡ್ತೀನಿ ಅಂತ ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವೇನೇ?” ಅವಳು ನಿಂತಳು. “ಹೇಳಿದ್ರೆ ನೀವು ಬೆಳಗ್ಗೆ ಎದ್ದು ನಲ್ಲಿಗೆ ಹೇಳ್ತಿದ್ರಿ ಟೀಚರ್,” ಎಂದಳು. ಸಿಟ್ಟಿನಿಂದಲ್ಲ, ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ. ಹೇಳುತ್ತಿದ್ದೆ. ಹೇಳದೆ ಏನು? ಅವಳ ಎರಡು ಕೊಡ ತುಂಬಿಸಬೇಕಲ್ಲ ಎಂದು ಅವಳು ಹೋಗುವ ಸುದ್ದಿಯನ್ನೇ ಹೇಳುತ್ತಿದ್ದೆ.

ಬೆಳಗ್ಗೆ ದೋಣಿಯ ಹತ್ತಿರ ಅವಳು ಇಡೀ ಗಂಟು ಹೊತ್ತು ಬಂದಿದ್ದಳು. “ಸಂಜೆ ಬರೋಳಿಗೆ ಇಷ್ಟೆಲ್ಲ ಯಾಕೆ?” ಎಂದೆ. “ಊರು ಬಿಟ್ಟು ಹೋಗ್ತೀನಿ ಅಂದ ಮೇಲೆ ಗಂಟು ಇರಬೇಕಲ್ಲ ಟೀಚರ್.” ಹೊರಡುವಾಗ ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಎಂದು ಅವಳಿಗೆ ಈ ಭಾಷೆ ಕಲಿಸಿದ ಮೊದಲ ವಾರದಿಂದ ಬಡಿದುಕೊಂಡಿದ್ದೇನೆ. ಅವತ್ತು ಅವಳು ದೋಣಿ ಹತ್ತಿ, ನನ್ನ ಕಡೆ ತಿರುಗಿ, “ಹೋಗ್ತೀನಿ ಟೀಚರ್,” ಎಂದಳು. ಅಷ್ಟೇ. ವಾಮನಮೂರ್ತಿ ಠಸ್ಸೆಯ ಡಬ್ಬಿಯನ್ನು ಎದೆಗವಚಿಕೊಂಡು ಕಣ್ಣುಮುಚ್ಚಿ ಕೂತಿದ್ದ. ಅವನಿಗೆ ನೀರೆಂದರೆ ಭಯ.

ಆ ದಿನ ನಾನು ಅಡುಗೆ ಮಾಡಲಿಲ್ಲ. ದಡದ ಕಲ್ಲಿನ ಮೇಲೆ ಕೂತು ಪುರಸಭೆಯನ್ನು ಬೈದೆ, ಕೈಪಿಡಿ ಬರೆದವನನ್ನು ಬೈದೆ, ಲೂಮಕ್ಕನನ್ನು ಬೈದೆ, ಬೈಯಲು ಯಾರೂ ಉಳಿಯದಿದ್ದಾಗ ನನ್ನನ್ನೇ ಬೈದುಕೊಂಡೆ. ಹಾದುಹೋಗುವವರು, “ಏನು ಟೀಚರ್, ಏನಾದ್ರೂ ಸುದ್ದಿ?” ಎಂದು ಆಸೆಯಿಂದ ಕೇಳಿದರು. ಒಂದಿಬ್ಬರಿಗೆ ಕಲ್ಲು ಎಸೆದೆ. ಸಂಜೆ ದೋಣಿ ಬಂತು. ಮೊದಲು ಇಳಿದವನು ವಾಮನಮೂರ್ತಿ, ವಾಂತಿ ಮಾಡಿಕೊಂಡು ಸುಣ್ಣದ ಹಾಗೆ ಬಿಳುಚಿದ್ದ. “ಮಧ್ಯಾಹ್ನ ಕಳೆದ್ರೂ ಮರದ ಕೆಳಗಿಂದ ಏಳಲೇ ಇಲ್ಲ ಟೀಚರ್. ಆ ಕಡೆ ನೋಡೋದು, ಈ ಕಡೆ ನೋಡೋದು. ಬರ್ತೀರೋ ಇಲ್ವೋ ಅಂತ ಕೇಳೋಕೂ ನನಗೆ ಧೈರ್ಯ ಬರಲಿಲ್ಲ,” ಎಂದ. ಅವನ ಹಿಂದೆ ಗಂಟು ಇಳಿಯಿತು, ಗಂಟಿನ ಹಿಂದೆ ಅವಳು ಇಳಿದಳು. “ಹೊನ್ನಪ್ಪನೋರ ಮಗಳಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ,” ಎಂದಳು, ನಾನು ಕೇಳದಿದ್ದರೂ. ನನಗೆ ಅಳು ಬಂತು. ಅತ್ತುಕೊಂಡೇ, “ಗಂಟು ಕೊಡೇ ಇಲ್ಲಿ, ಕತ್ತೆ,” ಎಂದು ಬೈದು, ಗಂಟನ್ನು ನಾನೇ ಹೊತ್ತು ಮನೆಗೆ ತಂದೆ.

ಹೊಳೆಯ ಗಾಳಿಗೆ ಮೈಕೈ ನೋವಾಗಿ ಮರುದಿನ ಏಳುವುದು ತಡವಾಯಿತು. ಕೊಡ ಹಿಡಿದು ಬೀದಿ ನಲ್ಲಿಗೆ ಹೋದರೆ ಸುದ್ದಿ ಸಿಗದವರಷ್ಟೇ ಖಾಲಿ ಬಿಂದಿಗೆ ಇಟ್ಟುಕೊಂಡು ಉಳಿದಿದ್ದರು. ಲೂಮಕ್ಕ ಬಂದ ಸುದ್ದಿಯನ್ನು ಅಂಬಿಗನೇ ಮೊದಲು ಹೇಳಿ ಮುಗಿಸಿದ್ದ. ವಾಮನಮೂರ್ತಿಯ ವಾಂತಿಗೆ ಅವನ ಪಕ್ಕದ ಮನೆಯವರು ಎರಡು ಬಿಂದಿಗೆ ಹಿಡಿದಿದ್ದರು. ನಾನು ಅತ್ತದ್ದನ್ನು ಯಾರೋ ಹೇಳಿ ಪಾತ್ರೆ ತೊಳೆದುಕೊಂಡಿದ್ದರು. ಬೆಳಗಿನ ಜಾವ ಹೊನ್ನಪ್ಪನ ಮಗಳು ಹೆಣ್ಣುಮಗು ಹೆತ್ತಿದ್ದಳು, ಅದನ್ನು ಹೊನ್ನಪ್ಪನೇ ಕುಣಿಯುತ್ತ ಬಂದು ಹೇಳಿಹೋಗಿದ್ದ. ಊರಿನಲ್ಲಿ ಒಂದು ಚೂರು ಸುದ್ದಿ ಉಳಿದಿರಲಿಲ್ಲ.

ಅಷ್ಟರಲ್ಲಿ ಲೂಮಕ್ಕ ಬಂದಳು. ಪೌರಪತ್ರ ಸೊಂಟದಲ್ಲಿ, ಕೈಯಲ್ಲಿ ಎರಡು ಕೊಡ. ಇವತ್ತಿನಿಂದ ಊರವಳು, ಆದ್ದರಿಂದ ತಾನೇ ನೀರು ಹಿಡಿಯಬೇಕಂತೆ. ಬಗ್ಗಿ, “ಲೂಮಾ ವಾಪಸ್ ಬಂದಳು,” ಎಂದಳು. ಬುಸ್. ಎದ್ದು ನಿಂತಳು. ಹಿಂದೆ ಇದ್ದವರೆಲ್ಲ ನೋಡುತ್ತಿದ್ದರು. ಅವಳ ಹೊಟ್ಟೆಯಲ್ಲಿ ಅರ್ಧ ಊರಿನ ಗುಟ್ಟಿದೆ ಎಂದು ಅವರಿಗೆಲ್ಲ ಗೊತ್ತು, ಯಾವ ಮನೆಯದು ಹೊರಗೆ ಬರುತ್ತದೋ ಎಂದು ಒಬ್ಬೊಬ್ಬರ ಮುಖವೂ ಬಿಳಿಚಿಕೊಂಡಿತ್ತು. ಅವಳು ಬಾಯಿ ಬಿಡಲಿಲ್ಲ. “ಕೂಸಿನ ಮೊದಲ ನೀರು ಟೀಚರ್,” ಎಂದಳು ನನಗೆ, ಮೆಲ್ಲಗೆ. “ಹೊತ್ತು ಏರೋದ್ರೊಳಗೆ ಹಾಕಬೇಕು. ಅವರ ಮನೆ ಹಂಡೆಗೆ ಇನ್ನೂ ಎರಡು ಕೊಡ ಕಮ್ಮಿ ಬಿದ್ದಿದೆ.”

ಕರ್ಮ! ಪತ್ರ ಬಂತು, ಠಸ್ಸೆ ಬಿತ್ತು, ಹೊಳೆ ದಾಟಿ ಬಂದದ್ದೂ ಆಯಿತು, ಎರಡು ಕೊಡ ಮಾತ್ರ ಮತ್ತೆ ನನ್ನ ತಲೆಗೇ ಬಂತು. “ಸರಿಯೇ ಆ ಕಡೆ,” ಎಂದು ಅವಳನ್ನು ತಳ್ಳಿ ಕೊಡ ಇಟ್ಟೆ. ಹೇಳಲು ಯಾರ ಮನೆಯದೂ ಇರಲಿಲ್ಲ. ಇದ್ದಿದ್ದರೂ ಅವತ್ತು ಬಾಯಿಗೆ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಹಿಂದೆ ಹದಿನೈದು ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು, ಅದರಲ್ಲಿ ಹತ್ತು ಜನ ನನ್ನ ಶಿಷ್ಯರು. ನಾನು ಸೊಂಟ ಹಿಡಿದುಕೊಂಡು ಬಗ್ಗಿದೆ. “ಅಂಬುಜಾಕ್ಷಿ ಟೀಚರದ್ದು ಒಂದು ಹಲ್ಲೂ ಸ್ವಂತದ್ದಲ್ಲ,” ಎಂದೆ. “ಸೆಟ್ಟು. ಮೇಲಿಂದೂ ಸೆಟ್ಟು, ಕೆಳಗಿಂದೂ ಸೆಟ್ಟು.”

ನೀರು ಬಂತು. ಒಂದು ಕೊಡ ತುಂಬಿತು, ಎರಡನೆಯದೂ ತುಂಬಿತು. ಲೂಮಕ್ಕ ಒಂದನ್ನು ತಲೆಗೆ, ಒಂದನ್ನು ಸೊಂಟಕ್ಕೆ ಏರಿಸಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಲಿಲ್ಲ ಎನ್ನುವ ಹಾಗೆ ಇದ್ದೆ. “ಹೋಗಿ ಬರ್ತೀನಿ ಟೀಚರ್,” ಎಂದಳು.

“ಹೋಗು ಮಾರಾಯ್ತಿ, ಕೂಸು ಕಾಯ್ತಿದೆ,” ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ನಗಲಿ. ನಾಳೆಗೆ ನನ್ನ ಕೂದಲ ಬಣ್ಣದ ವಿಷಯವಿದೆ, ನಾಡಿದ್ದಿನದು ನಾಡಿದ್ದಿಗೆ.